ಬೋನಸ್ಸೆಂಬ ಹೆಸರಿನ ದಂಡ

ನಿವೃತ್ತ ಗಣಿತದ ಮೇಷ್ಟ್ರಿಗೆ ಹಳೆಯ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಈಗೀಗ ಬೀಜಗಣಿತಕ್ಕೆ ಸ್ಥಾನವಿಲ್ಲ. ಸಾಲದ ಕಂತು, ಪಿಂಚಣಿ, ವಿಮೆ, ಇವುಗಳದೇ ಲೆಕ್ಕ. ಕಳೆದ ಕೆಲವು ತಿಂಗಳುಗಳಲ್ಲಿ ಒಂದೇ ಪ್ರಶ್ನೆಯನ್ನು ನಾಲ್ವರು ನಾಲ್ಕು ಊರುಗಳಿಂದ ಕೇಳಿದ್ದಾರೆ: "ಸರ್, ಒಂದು ವರ್ಷದಲ್ಲಿ ಎರಡು ಮೂರು ಸಲ ಕಾರಿನ ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಪಾಲಿಸಿ ನವೀಕರಣ ಮಾಡಿಕೊಡುವುದಿಲ್ಲವಂತೆ, ನಿಜವೇ?"

ಮಾಡಿಕೊಡುತ್ತಾರೆ. ಹೆದರಬೇಕಾಗಿಲ್ಲ. ಆದರೆ ಮಾಡಿಕೊಡುವ ರೀತಿ ಎಂಥದು, ಅದಕ್ಕೆ ವಸೂಲು ಮಾಡುವ ಬೆಲೆ ಎಷ್ಟು, ಆ ಬೆಲೆಯನ್ನು ಯಾರಿಂದ ವಸೂಲು ಮಾಡುತ್ತಾರೆ ಎಂಬುದನ್ನು ಕೂಡಿಸಿ ಕಳೆದು ನೋಡಿದ ಮೇಲೆ ನನಗೆ ಬಂದದ್ದು ಸಿಟ್ಟು. ಆ ಸಿಟ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬಂಧುಗಳಲ್ಲಿ ವಿಮಾ ಕಂಪನಿಗಳ ನೌಕರಿಯಲ್ಲಿರುವವರು ಇಬ್ಬರಿದ್ದಾರೆ. ಅವರು ಬೇಸರಿಸಬಾರದು, ಬೇಸರಿಸಿದರೂ ಲೆಕ್ಕದಲ್ಲಿ ತಪ್ಪಿದ್ದರೆ ಮಾತ್ರ ಉತ್ತರ ಕೊಡಬೇಕು.

ಮೊದಲು ಪಾಲಿಸಿಯೆಂಬ ಕಾಗದವನ್ನು ಎರಡಾಗಿ ಸೀಳಿಕೊಳ್ಳೋಣ. ನಮ್ಮ ವಾಹನದಿಂದ ಇತರರಿಗೆ ಆಗುವ ಹಾನಿಗೆ ಸಂಬಂಧಿಸಿದ್ದು ಒಂದು ಭಾಗ, ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮಿನಂತೆ ಇದಿಲ್ಲದೆ ವಾಹನವನ್ನು ರಸ್ತೆಗೆ ಇಳಿಸುವಂತಿಲ್ಲ. ಇದರ ದರವನ್ನು ನಿಗದಿ ಮಾಡುವುದು ಸರಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸಾವಿರದಿಂದ ಒಂದೂವರೆ ಸಾವಿರ ಸಿಸಿಯವರೆಗಿನ ಖಾಸಗಿ ಕಾರಿಗೆ 3,416 ರೂಪಾಯಿ. ನೀವು ಹತ್ತು ಸಲ ಕ್ಲೇಮ್ ಮಾಡಿರಿ, ಒಂದೂ ಮಾಡದಿರಿ, ಆ ಪಟ್ಟಿಯ ಅಂಕಿ ಎಲ್ಲರಿಗೂ ಒಂದೇ. ಎರಡನೆಯ ಭಾಗ ನಮ್ಮ ಸ್ವಂತ ವಾಹನದ ಹಾನಿಗೆ, ಕಂಪನಿಯವರ ಭಾಷೆಯಲ್ಲಿ ಓನ್ ಡ್ಯಾಮೇಜ್. ಆಟವೆಲ್ಲ ನಡೆಯುವುದು ಇಲ್ಲಿ.

ನೋ ಕ್ಲೇಮ್ ಬೋನಸ್ ಎಂಬ ಏಣಿಯನ್ನು ನೀವೆಲ್ಲ ಬಲ್ಲಿರಿ. ಒಂದು ವರ್ಷ ಪರಿಹಾರ ಕೇಳದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ಶೇಕಡಾ 20 ರಿಯಾಯಿತಿ, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಇದು 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿದ್ದ ಏಣಿ. ಇಂದಿಗೂ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಇದೇ. ಒಮ್ಮೆ ಪರಿಹಾರ ಪಡೆದಿರೋ, ಐವತ್ತರಿಂದ ನೇರವಾಗಿ ಸೊನ್ನೆಗೆ. ಚಿಕ್ಕಂದಿನಲ್ಲಿ ಮಳೆಗಾಲದ ಮಧ್ಯಾಹ್ನಗಳಲ್ಲಿ ಅಜ್ಜಿಯೊಡನೆ ಪರಮಪದ ಸೋಪಾನಪಟ ಆಡಿದವರಿಗೆ ಇದು ಪರಿಚಿತವೆನಿಸೀತು. ಆದರೆ ಆ ಪಟದಲ್ಲಿ ಒಂದು ನ್ಯಾಯವಿತ್ತು. ಅಲ್ಲಿ ಹಾವಿನ ಬಾಯಿಗೆ ಬೀಳುತ್ತಿದ್ದವನು ಲೋಭವೋ ಮದವೋ ಅಸತ್ಯವೋ ಬರೆದಿದ್ದ ಮನೆಗೆ ಬಂದವನು. ವಿಮೆಯ ಪಟದಲ್ಲಿ ಹಾವು ಕಚ್ಚುವುದು ತಪ್ಪು ಮಾಡಿದವನನ್ನಲ್ಲ, ಕೇಳಿದವನನ್ನು.

ಈ ಹಾವಿನ ಉದ್ದವನ್ನು ಅಳೆಯೋಣ. ಒಬ್ಬನ ಸ್ವಂತ ಹಾನಿಯ ಮೂಲ ಕಂತು ವರ್ಷಕ್ಕೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಐದಾರು ವರ್ಷ ಏನನ್ನೂ ಕೇಳದೆ ಶೇಕಡಾ 50ರ ಮೆಟ್ಟಿಲಿನಲ್ಲಿ ಕುಳಿತಿದ್ದಾನೆ, 7,500 ಕಟ್ಟುತ್ತಿದ್ದಾನೆ. ಒಮ್ಮೆ ಪರಿಹಾರ ಪಡೆದ. ಮುಂದಿನ ವರ್ಷ ಪೂರ್ತಿ 15,000, ಹೆಚ್ಚುವರಿ 7,500. ಅದರ ಮುಂದಿನ ವರ್ಷ 20ರ ರಿಯಾಯಿತಿ, ಆದರೂ ಹೆಚ್ಚುವರಿ 4,500. ಆಮೇಲೆ 3,750, 2,250, 750. ಆರನೆಯ ನವೀಕರಣಕ್ಕೆ ಹಳೆಯ ಮೆಟ್ಟಿಲು ಸಿಕ್ಕಿತು. ಒಟ್ಟು 18,750 ರೂಪಾಯಿ, ಅಂದರೆ ಮೂಲ ಕಂತಿನ ಒಂದೂಕಾಲು ಪಾಲು. ಇದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿಸಿದರೆ 22,125. ವರ್ಷದಿಂದ ವರ್ಷಕ್ಕೆ ಕಾರಿನ ಬೆಲೆ ಇಳಿದಂತೆ ಮೂಲ ಕಂತೂ ಇಳಿಯುವುದರಿಂದ ಮೊತ್ತ ತುಸು ಕಡಿಮೆಯಾದೀತು, ಆದರೆ ಲೆಕ್ಕದ ಆಕಾರ ಬದಲಾಗದು. ಆದ್ದರಿಂದ ಈ ಮನುಷ್ಯನಿಗೆ ಇಪ್ಪತ್ತು ಸಾವಿರದೊಳಗಿನ ಯಾವ ಹಾನಿಗೂ ವಿಮೆಯೇ ಇಲ್ಲ. ಇದೆ ಎಂದು ಅವನು ತಿಳಿದಿದ್ದಾನೆ, ಅದಕ್ಕಾಗಿ ಹಣವನ್ನೂ ಕಟ್ಟಿದ್ದಾನೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಒಂದಕ್ಕಿಂತ ಹೆಚ್ಚು ಸಲ ಕೇಳಿದರೆ? ಒಂದೇ ಪಾಲಿಸಿ ವರ್ಷದಲ್ಲಿ ಎರಡನೆಯ ಸಲ ಕೇಳಿದರೆ ಬೋನಸ್ಸಿನ ಮಟ್ಟಿಗೆ ಹೊಸ ನಷ್ಟ ಒಂದು ಪೈಸೆಯೂ ಇಲ್ಲ. ಸೊನ್ನೆಯಿಂದ ಕೆಳಕ್ಕೆ ಇಳಿಯಲು ಮೆಟ್ಟಿಲಿಲ್ಲ. ನೀರಿನಲ್ಲಿ ಮುಳುಗಿದವನಿಗೆ ಚಳಿಯೇನು, ಮಳೆಯೇನು! ಮುಂದಿನ ವರ್ಷವೂ ಕೇಳಿದನೆನ್ನಿ. ಏಣಿ ಹತ್ತುವುದು ಒಂದು ವರ್ಷ ತಡವಾಗುತ್ತದೆ, ಅಷ್ಟೇ. ಆ ತಡದ ಬೆಲೆ ಮೂಲ ಕಂತಿನ ಅರ್ಧ, 7,500 ರೂಪಾಯಿ. ಅದರ ಮುಂದಿನ ವರ್ಷ ಕೇಳಿದರೂ ಮತ್ತೆ ಅಷ್ಟೇ. ಈ ಎರಡು ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಬರೆದಂತೆ ನೋಡಿ. ವರ್ಷಾನುಗಟ್ಟಲೆ ಸುಮ್ಮನಿದ್ದವನು ಒಮ್ಮೆ ಬಾಯಿ ತೆರೆದರೆ 18,750. ವರ್ಷವರ್ಷವೂ ಬಾಯಿ ತೆರೆಯುವವನಿಗೆ ಸಲಕ್ಕೆ 7,500. ಜಾಗರೂಕತೆಯನ್ನು ಪುರಸ್ಕರಿಸುವ ಯೋಜನೆಯಂತೆ ಇದು! ನನ್ನ ಒಂಬತ್ತನೆಯ ತರಗತಿಯ ಹುಡುಗರು ಇಂಥ ಉತ್ತರ ತಂದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ, ಮತ್ತೆ ಮಾಡಿ ಎಂದು ಹಿಂದಕ್ಕೆ ಕಳುಹಿಸುತ್ತಿದ್ದೆ.

ನನಗೇ ಆದುದನ್ನು ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಬೇರೆ ಕಂಪನಿಯಾಗಿದ್ದರೂ ಇದೇ ಆಗುತ್ತಿತ್ತು. 2023ರ ಜುಲೈಯಲ್ಲಿ ನೆಂಟರ ಮನೆಯ ಕಾರ್ಯಕ್ಕೆ ಹೋಗಿದ್ದಾಗ ಕಲ್ಯಾಣ ಮಂಟಪದ ಹೊರಗೆ, ಎಲ್ಲರೂ ನಿಲ್ಲಿಸಿದ್ದ ಸಾಲಿನಲ್ಲೇ ನಿಲ್ಲಿಸಿದ್ದ ನನ್ನ ಕಾರಿನ ಮೇಲೆ ಮಳೆಗಾಳಿಗೆ ಮಾವಿನ ಕೊಂಬೆಯೊಂದು ಮುರಿದು ಬಿತ್ತು. ಮುಂದಿನ ಗಾಜು ಒಡೆಯಿತು, ಬಾನೆಟ್ಟು ತಗ್ಗಿತು. ನಾಲ್ಕು ತಿಂಗಳ ಬಳಿಕ ರೈಲ್ವೆ ಗೇಟು ಹಾಕಿತ್ತೆಂದು ಎಂಜಿನ್ ಆರಿಸಿ ನಿಂತಿದ್ದೆ. ಹಿಂದಿನಿಂದ ಬಂದ ಟೆಂಪೋ ಬಂಪರಿಗೂ ಡಿಕ್ಕಿಗೂ ಗುದ್ದಿತು. ಎರಡೂ ಸಲ ಪರಿಹಾರ ಕೇಳಿದೆ. ಎರಡೂ ಸಲ ಸರ್ವೇಯರ್ ಬಂದು ಫೋಟೋ ತೆಗೆದು, ಚಾಲಕನ ತಪ್ಪಿಲ್ಲವೆಂಬುದನ್ನು ತನ್ನ ಕೈಯಾರೆ ಬರೆದುಕೊಂಡ. ಮೊದಲನೆಯದಕ್ಕೆ 11,400, ಎರಡನೆಯದಕ್ಕೆ 6,200 ಕೊಟ್ಟರು. ತಕರಾರಿಲ್ಲದೆ ಕೊಟ್ಟರು, ಅದನ್ನು ಒಪ್ಪುತ್ತೇನೆ.

ನವೀಕರಣದ ಕಾಗದ ಬಂತು. ಸ್ವಂತ ಹಾನಿಯ ಭಾಗಕ್ಕೆ ಹಿಂದಿನ ವರ್ಷ ಕಟ್ಟಿದ್ದು 4,900. ಈಗ 11,300. ಬೋನಸ್ ಹೋದುದರಿಂದ 9,800 ಆಗಬೇಕಿತ್ತು. ಉಳಿದ 1,500 ಎಲ್ಲಿಂದ ಬಂತು? ಏಜೆಂಟ್ ನನ್ನ ಹಳೆಯ ವಿದ್ಯಾರ್ಥಿಯೇ, ಎಸ್.ಎಸ್.ಎಲ್.ಸಿ.ಯಲ್ಲಿ ಲೆಕ್ಕಕ್ಕೆ ತೊಂಬತ್ತರ ಮೇಲೆ ತೆಗೆದವನು. ಅವನನ್ನೇ ಕೇಳಿದೆ. "ಸರ್, ಸಿಸ್ಟಮ್ಮಿನಲ್ಲಿ ಎರಡು ಕ್ಲೇಮ್ ತೋರಿಸುತ್ತಿದೆ. ರೇಟು ಅದೇ ಹಾಕಿ ಕೊಡುತ್ತದೆ. ಯಾಕೆ ಅಂತ ನಮಗೂ ಹೇಳೋಲ್ಲ" ಎಂದ. ಕಾರಣ ಹೇಳದೆ ಅಂಕ ಕಳೆಯುವ ಮೇಷ್ಟ್ರನ್ನು ನಾವು ಏನೆಂದು ಕರೆಯುತ್ತಿದ್ದೆವು ಎಂಬುದು ಅವನಿಗೂ ನೆನಪಿದ್ದಿರಬೇಕು, ತಲೆ ತಗ್ಗಿಸಿದ.

"ಗುದ್ದಿದವನ ಕಡೆಯಿಂದ ವಸೂಲು ಮಾಡಬಹುದಿತ್ತಲ್ಲ?" ಎಂದು ನನ್ನ ತಮ್ಮ ಕೇಳಿದ. ಕಾನೂನಿನ ಪುಸ್ತಕದಲ್ಲಿ ದಾರಿಯಿದೆ. ಟೆಂಪೋದ ಥರ್ಡ್ ಪಾರ್ಟಿ ವಿಮೆ ಇರುವುದೇ ಅದಕ್ಕೆ. ಆದರೆ ಆ ದಾರಿ ಪೊಲೀಸ್ ಠಾಣೆಯಿಂದ ಹೊರಟು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯವರೆಗೆ ಹೋಗುತ್ತದೆ. ಒಂದು ಬಂಪರಿನ ಸಲುವಾಗಿ ವಕೀಲರನ್ನು ಹಿಡಿದು ವಾಯಿದೆಯ ಮೇಲೆ ವಾಯಿದೆಗೆ ಅಲೆಯುವವರು ಯಾರು? ಹಾಗಾಗಿ ಎಲ್ಲರೂ ಮಾಡುವಂತೆ ಸ್ವಂತ ಪಾಲಿಸಿಯಲ್ಲೇ ಕೇಳಿದೆ. ಟೆಂಪೋದವನು ತನ್ನ ವಾಹನಕ್ಕೆಂದು ಏನನ್ನೂ ಕೇಳಲಿಲ್ಲ. ಗುದ್ದಿದವನ ಬೋನಸ್ ಉಳಿಯಿತು, ಗುದ್ದಿಸಿಕೊಂಡವನದು ಹೋಯಿತು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಕಾರುಗಳು ಕುತ್ತಿಗೆಯವರೆಗೆ ನೀರಿನಲ್ಲಿ ನಿಂತ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮಲ್ಲಿ ಕೆಲವರು ಅಲ್ಲಿಯೇ ಇದ್ದಿರಿ. ಕೆರೆಯ ದಾರಿಯನ್ನು ಕಟ್ಟಿದವರು ಯಾರೋ, ಅನುಮತಿ ಕೊಟ್ಟವರು ಯಾರೋ. ನಿಂತ ಕಾರಿಗೆ ಪರಿಹಾರ ಪಡೆದವನ ಚಾಲನೆಯಲ್ಲಿ ಯಾವ ಅಜಾಗರೂಕತೆಯಿತ್ತು? ಬೋನಸ್ಸಿನ ಸಾಮಾನ್ಯ ನಿಯಮದ ಕಣ್ಣಿಗೆ ಅವನೂ, ಕುಡಿದು ಕಂಬಕ್ಕೆ ಗುದ್ದಿದವನೂ ಒಂದೇ. ಇಲ್ಲ, ಅದು ಸರಿಯಲ್ಲ. ಕುಡಿದು ಗುದ್ದಿದವನಿಗೆ ಪರಿಹಾರವೇ ಸಿಗುವುದಿಲ್ಲ. ಕುಡಿಯದೆ, ಫೋನಿನಲ್ಲಿ ಹರಟುತ್ತ ಗುದ್ದಿದವನೂ ಅವನೂ ಒಂದೇ ಎನ್ನೋಣ.

ಈ 'ಬೋನಸ್' ಎಂಬ ಶಬ್ದದ ಮೇಲೂ ನನಗೆ ಜಗಳವಿದೆ. ಬೋನಸ್ ಎಂದರೆ ಸಂಬಳದ ಮೇಲೆ ಸಿಗುವುದು. ಕಾರ್ಖಾನೆಯ ಕಾರ್ಮಿಕನ ಬೋನಸ್ ಕೊಡದಿದ್ದರೆ ಅವನು ಮುಷ್ಕರ ಹೂಡುತ್ತಾನೆ. ಇಲ್ಲಿ ನಾವು ಸುಮ್ಮನಿರುತ್ತೇವೆ, ಏಕೆಂದರೆ ಕಳೆದುಕೊಂಡದ್ದು 'ಹೆಚ್ಚುವರಿ' ಎಂದು ನಂಬಿಸಲಾಗಿದೆ. ಕೇಳಿದವನ ಕಂತನ್ನು ಇಮ್ಮಡಿಸುತ್ತೇವೆ ಎಂದು ಬರೆದಿದ್ದರೆ ಊರೆಲ್ಲ ಗಲಾಟೆಯಾಗುತ್ತಿತ್ತು. ಕೇಳದವನಿಗೆ ಅರ್ಧ ಬಿಡುತ್ತೇವೆ ಎಂದು ಬರೆದರೆ ಕೈಮುಗಿಯುತ್ತೇವೆ. ಎರಡೂ ಒಂದೇ ಸಮೀಕರಣ, ಬಲಗಡೆಯದನ್ನು ಎಡಗಡೆಗೆ ಬರೆದಿದೆ, ಅಷ್ಟೇ. ಇನ್ನೂ ವಿನೋದವೆಂದರೆ, ಈ ಬೋನಸ್ಸನ್ನು ಕಾಪಾಡಿಕೊಳ್ಳಲು ಬೇರೆ ಹಣ ಕೊಟ್ಟು ನೋ ಕ್ಲೇಮ್ ಬೋನಸ್ ಪ್ರೊಟೆಕ್ಷನ್ ಎಂಬ ಸೇರ್ಪಡೆಯನ್ನು ಕೊಳ್ಳಬಹುದು. ವಿಮೆಯನ್ನು ಬಳಸಿದರೆ ಆಗುವ ನಷ್ಟದ ವಿರುದ್ಧ ಒಂದು ವಿಮೆ! ಅದಕ್ಕೂ ವರ್ಷಕ್ಕೆ ಇಷ್ಟೇ ಸಲ ಎಂಬ ಮಿತಿ ಇರುತ್ತದೆ.

ಕಂಪನಿಗಳ ವಾದವನ್ನೂ ಕೇಳಬೇಕು. ಸಣ್ಣಪುಟ್ಟ ಗೀರಿಗೆಲ್ಲ ಜನ ಬಂದರೆ ಸರ್ವೇಯರಿನ ಖರ್ಚು, ಕಾಗದಪತ್ರದ ಖರ್ಚು ಪರಿಹಾರಕ್ಕಿಂತ ಹೆಚ್ಚಾಗುತ್ತದೆ, ಅದನ್ನು ಎಲ್ಲರೂ ಹೊರಬೇಕಾಗುತ್ತದೆ ಎನ್ನುತ್ತಾರೆ. ಮಾತು ನಿಜ. ಆದರೆ ಅದಕ್ಕೆ ಬೇರೆ ಬೇಲಿಗಳು ಮೊದಲೇ ಇವೆ. ಒಂದೂವರೆ ಸಾವಿರ ಸಿಸಿಯವರೆಗಿನ ಕಾರಿಗೆ ಪ್ರತಿ ಸಲವೂ ಸಾಮಾನ್ಯವಾಗಿ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ಕಡ್ಡಾಯವಾಗಿ ನಾವೇ ಭರಿಸಬೇಕು. ಝೀರೋ ಡೆಪ್ರಿಸಿಯೇಷನ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿಯೆಂದು ಅರ್ಧ ಕಳೆಯುತ್ತಾರೆ. ಈಗಿನ ಬಂಪರುಗಳೆಲ್ಲ ಪ್ಲಾಸ್ಟಿಕ್ಕೇ. ಝೀರೋ ಡೆಪ್ರಿಸಿಯೇಷನ್ ಕೊಂಡರೆ ಹಲವು ಕಂಪನಿಗಳು ವರ್ಷಕ್ಕೆ ಎರಡು ಸಲ ಎಂದು ಮಿತಿ ಹಾಕುತ್ತವೆ. ಇಷ್ಟು ಬೇಲಿಗಳ ಒಳಗೆ ಇನ್ನೊಂದು ಗೋಡೆ ಏಕೆ? ಬೇಕೇ ಇದ್ದರೆ ಇರಲಿ, ಅದು ತಪ್ಪಿತಸ್ಥನ ಎದುರಿಗೆ ಇರಲಿ.

ತಪ್ಪನ್ನೂ ಕೇಳಿಕೆಯನ್ನೂ ಬೇರ್ಪಡಿಸುವುದು ಅಸಾಧ್ಯವೆಂದು ಯಾರೂ ಹೇಳಲಾರರು. ಫ್ರಾನ್ಸಿನಲ್ಲಿ ಅದನ್ನು ವಿಮಾ ಸಂಹಿತೆಯಲ್ಲೇ ಬರೆದಿಟ್ಟಿದ್ದಾರೆ. ಅಲ್ಲಿ ಪ್ರತಿ ಚಾಲಕನಿಗೆ ಒಂದು ಗುಣಾಂಕ. ಅಪಘಾತವಿಲ್ಲದ ಪ್ರತಿ ವರ್ಷ 0.95ರಿಂದ ಗುಣಿಸುತ್ತಾರೆ, ಕನಿಷ್ಠ 0.50. ತನ್ನದೇ ತಪ್ಪಿನ ಅಪಘಾತವಾದರೆ 1.25ರಿಂದ, ತಪ್ಪು ಇಬ್ಬರದೂ ಆದರೆ 1.125ರಿಂದ ಗುಣಿಸುತ್ತಾರೆ. ತಪ್ಪೇ ಇಲ್ಲದಿದ್ದರೆ ಗುಣಾಂಕ ಅಲುಗುವುದಿಲ್ಲ. ನನಗೆ ಬಹಳ ಹಿಡಿಸಿದ್ದು ಮತ್ತೊಂದು ನಿಯಮ: ಮೂರು ವರ್ಷ 0.50ರಲ್ಲೇ ಇದ್ದವನಿಗೆ ಮೊದಲ ತಪ್ಪು ಮನ್ನಾ. ಹಳೆಯ ಜಾಗರೂಕನಿಗೆ ನಾವು ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಡುವ ಜಾಗದಲ್ಲಿ ಅವರು ಕ್ಷಮೆಯನ್ನು ಇಟ್ಟಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಶಾಲೆಯ ಹುಡುಗಿಯೊಬ್ಬಳ ಕಾರಿಗೆ ಸಿಗ್ನಲಿನಲ್ಲಿ ಹಿಂದಿನಿಂದ ಗುದ್ದಿದಾಗ ಅವಳ ಕಂತು ಏರಲಿಲ್ಲವೆಂದು ಬರೆದಿದ್ದಳು. ಅಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು ಚಾಲಕನದೇ ಆಗಿದ್ದರೆ ಮಾತ್ರ ಅಪಘಾತ ಅವನ ಲೆಕ್ಕಕ್ಕೆ ಬರುತ್ತದೆ. 1988ರ ನವೆಂಬರಿನಲ್ಲಿ ಜನರೇ ಮತ ಹಾಕಿ ಪ್ರೊಪೊಸಿಷನ್ 103 ಎಂಬ ಕಾನೂನನ್ನು ತಂದುಕೊಂಡರು. ದರ ಏರಿಸಬೇಕಾದರೆ ಕಂಪನಿಗಳು ಮೊದಲು ರಾಜ್ಯದ ವಿಮಾ ಆಯುಕ್ತರ ಒಪ್ಪಿಗೆ ಪಡೆಯಬೇಕು. ನಮ್ಮಲ್ಲಿ ಅದೇ 1988ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. ಕಡ್ಡಾಯ ವಿಮೆಯ ವಿಷಯದಲ್ಲಿ ಅದು ಒಳ್ಳೆಯ ಕಾಯ್ದೆ, ಆದರೆ ಸ್ವಂತ ಹಾನಿಯ ಕಂತನ್ನು ಅದು ಮುಟ್ಟುವುದಿಲ್ಲ.

ಸ್ವಂತ ಹಾನಿಯ ದರ 2006ರ ಕೊನೆಯವರೆಗೂ ದೇಶಕ್ಕೆಲ್ಲ ಒಂದೇ ಪಟ್ಟಿಯಂತೆ ಇತ್ತು. 2007ರ ಜನವರಿ 1ರಿಂದ ಆ ಕಟ್ಟು ಬಿಚ್ಚಿತು, ಕಂಪನಿಗಳು ತಮ್ಮ ತಮ್ಮ ದರ ಹಾಕಿಕೊಳ್ಳತೊಡಗಿದವು. ಪೈಪೋಟಿಯಿಂದ ಕಂತು ಇಳಿದದ್ದೂ ಉಂಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದಾಗಿತ್ತು. ನನ್ನ 1,500 ರೂಪಾಯಿಯ ಪಟ್ಟಿಯನ್ನು ನನ್ನ ಏಜೆಂಟನೂ ಓದಿಲ್ಲ. ಬೋನಸ್ಸಿನ ಹಾವಾದರೂ ಕಣ್ಣಿಗೆ ಕಾಣುತ್ತದೆ. ಪದೇ ಪದೇ ಕೇಳಿದವರ ಮೇಲೆ ಹೇರುವ ಈ ಲೋಡಿಂಗ್ ಹುಲ್ಲಿನೊಳಗಿನ ಹಾವು. ಕೆಲವರಿಗೆ ಝೀರೋ ಡೆಪ್ರಿಸಿಯೇಷನ್ ಕೊಡಲು ಒಪ್ಪುವುದಿಲ್ಲ, ಕೆಲವರ ಕಾರನ್ನು ಮತ್ತೆ ಪರೀಕ್ಷಿಸಬೇಕೆನ್ನುತ್ತಾರೆ. ಯಾರಿಗೆ, ಏಕೆ, ಎಷ್ಟನೆಯ ಸಲಕ್ಕೆ ಎಂಬುದು ಸಿಸ್ಟಮ್ಮಿಗೇ ಗೊತ್ತು.

ಇದೆಲ್ಲ ಕಾರಿಟ್ಟುಕೊಂಡವರ ದುಡ್ಡಿನ ಗೊಣಗಾಟ ಎಂದು ಕೆಲವರಿಗೆ ಅನಿಸಬಹುದು. ಹಾಗಲ್ಲ. ಮ್ಯಾಕ್ಸಿಕ್ಯಾಬ್ ಓಡಿಸುವ ನನ್ನ ವಿದ್ಯಾರ್ಥಿಯೊಬ್ಬ ಒಂದು ಮಳೆಗಾಲವಿಡೀ ಮುಂಗಾಜಿನ ಬಿರುಕನ್ನು ಹಾಗೆಯೇ ಬಿಟ್ಟು ಆಗುಂಬೆ ಘಾಟಿ ಇಳಿದು ಹತ್ತಿದ. ಎದುರಿನಿಂದ ಬಂದ ಲಾರಿಯ ಚಕ್ರದಿಂದ ಸಿಡಿದ ಕಲ್ಲು ಬಡಿದದ್ದು. ಒಮ್ಮೆ ಅವನ ಗಾಡಿಯಲ್ಲಿ ಕುಳಿತಾಗ ನಾನೇ ನೋಡಿ ಕೇಳಿದೆ. "ಕ್ಲೇಮ್ ಮಾಡಿದರೆ ಬೋನಸ್ ಹೋಗುತ್ತದೆ ಮೇಷ್ಟ್ರೇ, ಕೈಯಿಂದ ಹಾಕಿಸೋಣವೆಂದರೆ ಈ ತಿಂಗಳು ಮಗಳ ಫೀಸು. ಸೀಸನ್ ಮುಗಿಯಲಿ" ಎಂದ. ಆ ಹದಿನಾಲ್ಕು ತಿರುವುಗಳಲ್ಲಿ ಮಂಜು ಕವಿದಾಗ ಗಾಜು ಸರಿಯಿದ್ದರೂ ಎದುರಿನದು ಕಾಣದು. ಒಳಗೆ ಹತ್ತು ಜನ ಕುಳಿತಿದ್ದೆವು. ಅವನು ವಿಮೆ ಇಲ್ಲದವನಲ್ಲ. ಪೂರ್ಣ ವಿಮೆಯ ಕಂತನ್ನು ತಪ್ಪದೆ ಕಟ್ಟಿದವನು. ವಿಮೆಯೇ ಅವನನ್ನು ದುರಸ್ತಿಯಿಂದ ತಡೆದಿತ್ತು.

ನನ್ನ ಕಡೆಯವರಿಗೂ ಒಂದೆರಡು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಹೇಗೂ ಬೋನಸ್ ಹೋಯಿತೆಂದು ವರ್ಷದ ಹಳೆಯ ಗೀರುಗಳನ್ನೆಲ್ಲ ಒಟ್ಟುಮಾಡಿ ಒಂದೇ ಅಪಘಾತದ ಕಥೆ ಕಟ್ಟಿ ಗ್ಯಾರೇಜಿನವನ ಕೈಗೆ ಕೊಡುವವರು ನಿಮ್ಮಲ್ಲಿದ್ದೀರಿ. ನನಗೆ ಹೆಸರೂ ಗೊತ್ತು. ಬೇರೆ ಬೇರೆ ದಿನದ ಪೆಟ್ಟುಗಳು ಬೇರೆ ಬೇರೆ ಕೇಳಿಕೆಗಳು. ಒಂದೆಂದು ಬರೆದುಕೊಟ್ಟರೆ ಅದು ಸುಳ್ಳು. ಕಂಪನಿ ಬದಲಿಸಿ, ಹಿಂದೆ ಏನೂ ಕೇಳಿಲ್ಲವೆಂದು ಸಹಿ ಹಾಕಿ ಹಳೆಯ ಬೋನಸ್ಸನ್ನೇ ಪಡೆಯುವವರಿಗೂ ಎಚ್ಚರಿಕೆ. 2009ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ವಿಮಾ ಮಾಹಿತಿ ಬ್ಯೂರೋದ ಬಳಿ ಎಲ್ಲ ಕಂಪನಿಗಳ ದಾಖಲೆಯಿದೆ. ಸುಳ್ಳು ಹೊರಬಿದ್ದರೆ ಮುಂದೆ ದೊಡ್ಡ ಅಪಘಾತವಾದಾಗ ಸ್ವಂತ ಹಾನಿಯ ಭಾಗದಲ್ಲಿ ಬಿಡಿಗಾಸೂ ಸಿಗದೆ ಹೋದೀತು. ಇಂಥ ದಾಖಲೆಯನ್ನು ಇಟ್ಟುಕೊಳ್ಳಲು ಬಲ್ಲವರು ಅದರಲ್ಲಿ 'ತಪ್ಪು ಯಾರದು' ಎಂಬ ಇನ್ನೊಂದು ಅಂಕಣವನ್ನು ಬೋನಸ್ಸಿಗಾಗಿ ಬಳಸಲಾರರೇ?

ಕೇಳಬೇಕಾದದ್ದು ಮೂರೇ. ನಿಂತ ಕಾರಿಗೆ, ಮರ ಬಿದ್ದುದಕ್ಕೆ, ನೆರೆಗೆ, ಇತರರ ತಪ್ಪಿಗೆ ಕೊಟ್ಟ ಪರಿಹಾರದಿಂದ ಬೋನಸ್ ಹೋಗಕೂಡದು. ಲೋಡಿಂಗ್ ಹಾಕುವುದಾದರೆ ಎಷ್ಟನೆಯ ಸಲಕ್ಕೆ ಎಷ್ಟು ಎಂಬುದು ಪಾಲಿಸಿಯಲ್ಲೇ ಅಚ್ಚಾಗಿರಬೇಕು. ಮೂರನೆಯದು, ಪರಿಹಾರದ ಅರ್ಜಿಗೆ ನಾವು ಸಹಿ ಹಾಕುವ ಜಾಗದ ಮೇಲೆ ಒಂದು ಸಾಲು: 'ಇದನ್ನು ಪಡೆದರೆ ಮುಂದಿನ ಐದು ನವೀಕರಣಗಳಲ್ಲಿ ನೀವು ಹೆಚ್ಚುವರಿಯಾಗಿ ಕಟ್ಟಬೇಕಾದದ್ದು ಇಷ್ಟು ರೂಪಾಯಿ.' ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಬರೆಸಿದ ಸರಕಾರಕ್ಕೆ ಇದನ್ನು ಬರೆಸುವುದು ಕಷ್ಟವಲ್ಲ.

ಅದಾಗುವವರೆಗೆ ಆ ಸಾಲನ್ನು ನೀವೇ ಬರೆದುಕೊಳ್ಳಿ. ಪಾಲಿಸಿಯಲ್ಲಿ ಸ್ವಂತ ಹಾನಿಯ ಮೂಲ ಕಂತು ಎಷ್ಟೆಂದು ನೋಡಿ, ಬೋನಸ್ ಕಳೆಯುವ ಮೊದಲಿನ ಅಂಕಿ. ಐವತ್ತರ ಮೆಟ್ಟಿಲಿನಲ್ಲಿದ್ದರೆ ಅದರ ಒಂದೂಕಾಲು ಪಾಲಿಗೆ ಜಿಎಸ್‌ಟಿ ಸೇರಿಸಿ, ಕೈಗೆ ಬರಲಿರುವ ಪರಿಹಾರದೊಡನೆ ಹೋಲಿಸಿ. ನವೀಕರಣದಲ್ಲಿ ಲೆಕ್ಕಕ್ಕೆ ಸಿಗದ ಮೊತ್ತ ಕಂಡರೆ ಕಂಪನಿಗೆ ಬರವಣಿಗೆಯಲ್ಲಿ ಕೇಳಿ. ತಿಂಗಳೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಕಂತಿನ ತಕರಾರುಗಳೂ ಅವರ ವ್ಯಾಪ್ತಿಗೆ ಬರುತ್ತವೆ, ಶುಲ್ಕವಿಲ್ಲ. ನಾನು ನನ್ನ 1,500 ರೂಪಾಯಿಯ ಬಗ್ಗೆ ಕಂಪನಿಗೆ ಎರಡು ಪತ್ರ ಬರೆದಿದ್ದೆ. ಎರಡನೆಯದಕ್ಕೆ ಬಂದ ಉತ್ತರದಲ್ಲಿ 'ನಮ್ಮ ಆಂತರಿಕ ಮಾರ್ಗಸೂಚಿಗಳ ಪ್ರಕಾರ' ಎಂದಿತ್ತು. ಆ ಮಾರ್ಗಸೂಚಿಗಳ ಪ್ರತಿಯನ್ನು ಕೇಳಿ ಮೂರನೆಯದನ್ನು ಕಳುಹಿಸಿದ್ದೇನೆ, ರಿಜಿಸ್ಟರ್ಡ್ ಅಂಚೆಯಲ್ಲಿ.